ಮಾದರಿ ದೋಣಿಯ ಸಣ್ಣ ಭಾಗಗಳು: ಹಿತ್ತಾಳೆ, ಪ್ಲಾಸ್ಟಿಕ್, ಮರ, ಮುದ್ರಣ – ಯಾವುದು ಎಲ್ಲಿಗೆ?

ಮಾದರಿ ದೋಣಿಯ ಒಡಲನ್ನು ಕಟ್ಟಿ ಮುಗಿಸಿದವರಿಗೆ ನಿಜವಾದ ಗೊಂದಲ ಆರಂಭವಾಗುವುದು ಆಮೇಲೆ. ಹಗ್ಗ ಬಿಗಿಯುವ ಗೂಟ, ಕಟಕಟೆ, ಲಂಗರು, ದೀಪ, ಬಲೆಯ ಹಗ್ಗ ಸುತ್ತಿ ಎಳೆಯುವ ವಿಂಚು, ಜೀವರಕ್ಷಕ ಬಳೆ, ಪಕ್ಕಕ್ಕೆ ತೂಗುಬಿಟ್ಟ ಹಳೆಯ ಟೈರು ಇವೆಲ್ಲವೂ ಒಂದೊಂದಾಗಿ ನೋಡಿದರೆ ಬೆರಳತುದಿಯಷ್ಟು, ಒಟ್ಟು ಸೇರಿದರೆ ನೂರನ್ನು ದಾಟುವಷ್ಟು. ಅವುಗಳನ್ನು ಯಾವುದರಿಂದ ಮಾಡಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದರಲ್ಲಿ ನಾನು ಎರಡು ವರ್ಷ ಕಳೆದೆ. ಎಲ್ಲವನ್ನೂ ಹಿತ್ತಾಳೆಯಲ್ಲಿ ಮಾಡಲು ಹೊರಟು ಕೈಬಿಟ್ಟೆ, ಎಲ್ಲವನ್ನೂ 3ಡಿ ಯಂತ್ರದಲ್ಲಿ ಮುದ್ರಿಸಿಕೊಳ್ಳಲು ಹೊರಟು ಹಣ ಕಳೆದುಕೊಂಡೆ. ಈಗ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲಿರುವ ದೋಣಿಯಲ್ಲಿ ನಾಲ್ಕೂ ಬಗೆಯ ಸಾಮಗ್ರಿಗಳಿವೆ. ಬಣ್ಣ ಹಚ್ಚಿದ ಮೇಲೆ ಯಾವುದು ಯಾವುದೆಂದು ಹೇಳಲು ನನಗೂ ಒಂದು ಕ್ಷಣ ಬೇಕಾಗುತ್ತದೆ.

ನನ್ನ ಮಾದರಿ ಮುಂಬಯಿಯ ಮೀನುಗಾರಿಕಾ ಬಂದರಾದ ಸಸೂನ್ ಡಾಕ್‌ನಲ್ಲಿ ನಿಲ್ಲುವಂಥ ಮರದ ಟ್ರಾಲರ್, ಅಂದರೆ ಬಲೆಯನ್ನು ಎಳೆದುಕೊಂಡು ಹೋಗುವ ಮೀನುಗಾರಿಕೆ ಬೋಟು; ಅಸಲು ಉದ್ದ 14 ಮೀಟರ್, ಮಾದರಿಯ ಪ್ರಮಾಣ 1:24, ಅಂದರೆ ಸುಮಾರು 58 ಸೆಂಟಿಮೀಟರ್. ಮಲ್ಪೆ, ಗಂಗೊಳ್ಳಿಯ ಬೋಟುಗಳನ್ನು ನೋಡುತ್ತ ಬೆಳೆದವರಿಗೆ ಇದರಲ್ಲಿ ಅಪರಿಚಿತವಾದದ್ದು ಹೆಚ್ಚೇನೂ ಇಲ್ಲ. ಮುಂದೆ ಕೊಡುವ ಅಳತೆಗಳೆಲ್ಲ ಇದೇ ಪ್ರಮಾಣಕ್ಕೆ ಸೇರಿದವು. 1:48ರಲ್ಲಿ ಕಟ್ಟುವವರು ಅರ್ಧಕ್ಕೆ ಇಳಿಸಿಕೊಳ್ಳಬೇಕು. ಅರ್ಧಕ್ಕಿಳಿಸಿದಾಗ ಸಾಮಗ್ರಿಯ ಆಯ್ಕೆಯೂ ಕೆಲವೊಮ್ಮೆ ಬದಲಾಗುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಮೊದಲು ಅಳತೆ

ಅಂಗಡಿಗೆ ಹೋಗುವ ಮೊದಲು ಪ್ರತಿಯೊಂದು ಭಾಗದ ಅಸಲು ದಪ್ಪವನ್ನು ಇಪ್ಪತ್ತನಾಲ್ಕರಿಂದ ಭಾಗಿಸಿ ಬರೆದಿಟ್ಟುಕೊಳ್ಳಬೇಕು. ಒಂದು ಮೀಟರ್ ಎತ್ತರದ ಕಟಕಟೆ 41.7 ಮಿಲಿಮೀಟರ್ ಆಗುತ್ತದೆ. 38 ಮಿ.ಮೀ. ಕೊಳವೆ 1.6 ಮಿ.ಮೀ. ತಂತಿಯಾಗುತ್ತದೆ. 6 ಮಿ.ಮೀ. ಉಕ್ಕಿನ ತಗಡು ಕಾಲು ಮಿಲಿಮೀಟರಿಗೆ ಇಳಿಯುತ್ತದೆ. 16 ಮಿ.ಮೀ. ಹಗ್ಗ 0.67ಕ್ಕೆ ಬಂದು ನಿಲ್ಲುತ್ತದೆ. ಕೈಯಾರೆ ಮಾಡಿದ ಮಾದರಿಗಳು ಆಟಿಕೆಯಂತೆ ಕಾಣುವುದಕ್ಕೆ ಕೆಲಸದ ಒರಟುತನಕ್ಕಿಂತ ದಪ್ಪವೇ ಹೆಚ್ಚಾಗಿ ಕಾರಣ. ಒಂದು ಮಿಲಿಮೀಟರ್ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಬಾಗಿಲು ಎಷ್ಟೇ ನಯವಾಗಿದ್ದರೂ ಅಸಲಿನಲ್ಲಿ ಒಂದು ಅಂಗುಲ ದಪ್ಪದ ಉಕ್ಕಾಗಿಬಿಡುತ್ತದೆ. ಕಣ್ಣು ಅದನ್ನು ಒಪ್ಪುವುದಿಲ್ಲ.

ಅಸಲಿನ ಅಳತೆ ತೆಗೆಯಲು ಮಳೆಗಾಲವೇ ಸೂಕ್ತ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳು ಕದಲದೆ ನಿಂತಿರುತ್ತವೆ ಮತ್ತು ಬೋಟು ನಡೆಸುವ ತಾಂಡೇಲರಿಗೂ ಮಾತನಾಡುವಷ್ಟು ಬಿಡುವಿರುತ್ತದೆ. ಚಿತ್ರ ತೆಗೆಯುವುದಾದರೆ ಕೇಳಿಕೊಂಡೇ ತೆಗೆಯುವುದು ಒಳ್ಳೆಯದು. ನಾನಂತೂ ಒಂದು ಗೇಣು ಉದ್ದದ ಕಾಗದದ ಪಟ್ಟಿಯಲ್ಲಿ ಸೆಂಟಿಮೀಟರ್ ಗುರುತು ಹಾಕಿ, ಅದನ್ನು ಭಾಗದ ಪಕ್ಕಕ್ಕಿಟ್ಟು ಚಿತ್ರ ತೆಗೆಯುತ್ತೇನೆ.

ಅಳತೆ ಕೈಗೆ ಬಂದ ಮೇಲೆ ನನ್ನ ಮಟ್ಟಿಗೆ ಆಯ್ಕೆಯನ್ನು ನಿರ್ಧರಿಸುವುದು ಎರಡು ಸಂಗತಿಗಳು. ಆ ಭಾಗವನ್ನು ಹಗ್ಗವೋ ಕೈಯೋ ಎಳೆಯುತ್ತದೆಯೇ ಎಂಬುದು ಮೊದಲನೆಯದು. ಒಂದೇ ರೂಪದವು ಸಾಲಾಗಿ ನಿಲ್ಲುತ್ತವೆಯೇ, ಚದುರಿ ಕೂರುತ್ತವೆಯೇ ಎಂಬುದು ಎರಡನೆಯದು. ಸಾಲಾಗಿ ನಿಂತ ಹದಿನಾಲ್ಕು ಕಂಬಗಳಲ್ಲಿ ಒಂದು ಕೂದಲೆಳೆಯಷ್ಟು ಗಿಡ್ಡವಾದರೂ ಎದ್ದು ಕಾಣುತ್ತದೆ. ಮೂಲೆಗೊಂದರಂತೆ ಕೂತ ನಾಲ್ಕು ಗೂಟಗಳು ಒಂದರಂತೆ ಒಂದಿಲ್ಲದಿದ್ದರೂ ಯಾರ ಗಮನಕ್ಕೂ ಬಾರದು. ಸಾಮಗ್ರಿಯ ಬೆಲೆ, ಉಪಕರಣಗಳ ಸೊಗಸು ಇವೆಲ್ಲ ಆಮೇಲಿನ ಮಾತು.

ಕಟಕಟೆ: ಹಿತ್ತಾಳೆಯೋ, ಮುದ್ರಣವೋ

ಕಟಕಟೆ ತೆಳ್ಳಗಿರಬೇಕು, ಸಾಲು ಸರಿಯಿರಬೇಕು, ಧೂಳೊರೆಸುವಾಗ ಬೆರಳು ತಗುಲಿದರೆ ಮುರಿಯಬಾರದು. ಮೂರೂ ಬೇಡಿಕೆಗಳನ್ನು ಒಟ್ಟಿಗೆ ಪೂರೈಸುವುದು ಹಿತ್ತಾಳೆ ಮಾತ್ರ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಮುಂಬಯಿಯ ನಾಗದೇವಿ ಸ್ಟ್ರೀಟಿನ ಸುತ್ತಿನ ಅಂಗಡಿಗಳಲ್ಲಿ ತಂತಿಯನ್ನು ಗೇಜಿನ ಲೆಕ್ಕದಲ್ಲಿ ಕೇಳಬೇಕಾಗುತ್ತದೆ: 16 ಗೇಜು 1.63 ಮಿ.ಮೀ., 18 ಗೇಜು 1.22, 20 ಗೇಜು 0.91, 22 ಗೇಜು 0.71. ಕಂಬಗಳಿಗೆ 16, ನಡುವಿನ ಅಡ್ಡಕಂಬಿಗಳಿಗೆ 18 ಅಥವಾ 20 ಸಾಕು. ಸುರುಳಿಯಾಗಿ ಬರುವ ತಂತಿಯನ್ನು ನೇರ ಮಾಡಲು ಒಂದು ತುದಿಯನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ತಂತಿ ಸ್ವಲ್ಪ ಹಿಗ್ಗಿದ್ದು ಕೈಗೆ ತಿಳಿಯುವವರೆಗೆ ಎಳೆಯಬೇಕು. ಬೆರಳಿನಿಂದ ತೀಡಿ ನೇರ ಮಾಡಿದ ತಂತಿ ಬಣ್ಣ ಬಿದ್ದ ಮೇಲೆ ತನ್ನ ಅಲೆಗಳನ್ನೆಲ್ಲ ತೋರಿಸುತ್ತದೆ.

ಕೆಲಸದ ಮುಕ್ಕಾಲು ಭಾಗ ಅಚ್ಚುಮಣೆಯಲ್ಲಿದೆ. ಗಟ್ಟಿ ಮರದ ತುಂಡಿನಲ್ಲಿ ಕಂಬಗಳ ಅಂತರಕ್ಕೆ ಸರಿಯಾಗಿ ಸಣ್ಣ ಕಾಲುವೆಗಳನ್ನು ತೋಡಿ, ಕಂಬಗಳನ್ನು ಅದರಲ್ಲಿ ಮಲಗಿಸಿ, ಅಡ್ಡಕಂಬಿಯನ್ನು ಮೇಲಿಟ್ಟು ಬೆಸೆದರೆ ಅಂತರ ತಾನಾಗಿ ಸರಿಬರುತ್ತದೆ. ದುಂಡಗಿನ ಕಂಬದ ಮೇಲೆ ದುಂಡಗಿನ ಕಂಬಿ ಒಂದು ಬಿಂದುವಿನಲ್ಲಿ ಮಾತ್ರ ತಾಗುವುದರಿಂದ, ಕಂಬದ ತಲೆಯಲ್ಲಿ ಸಣ್ಣ ದುಂಡರದಿಂದ ಜೀನಿನಂಥ ಒಂದು ಕುಳಿ ಮಾಡಿಕೊಂಡರೆ ಬೆಸುಗೆ ನಿಲ್ಲುತ್ತದೆ. ತವರ–ಸೀಸದ 63:37 ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಒಂದನ್ನು ಬೆಸೆಯುವಾಗ ಪಕ್ಕದ್ದು ಬಿಟ್ಟುಕೊಳ್ಳುವುದು ಹಿತ್ತಾಳೆಯ ಹಳೆಯ ರಗಳೆ; ನನ್ನ ಮೊದಲ ಕಟಕಟೆ ಹೀಗೆ ಮೂರು ಸಲ ಬಿಚ್ಚಿಕೊಂಡಿತು. ಪಕ್ಕದ ಬೆಸುಗೆಯ ಮೇಲೆ ಒದ್ದೆ ಹತ್ತಿಯ ಉಂಡೆ ಇಡುವುದು ಒಂದು ಉಪಾಯ. ಮೊದಲ ಸುತ್ತನ್ನು 183 ಡಿಗ್ರಿಯ ಬೆಸುಗೆಯಲ್ಲಿ ಮುಗಿಸಿ, ನಂತರದ ಸಣ್ಣ ಭಾಗಗಳಿಗೆ 138 ಡಿಗ್ರಿಗೆ ಕರಗುವ ತವರ–ಬಿಸ್ಮತ್ ಬೆಸುಗೆಯನ್ನು ಬಳಸುವುದು ಇನ್ನೂ ಒಳ್ಳೆಯ ಉಪಾಯ. ಬಿಸ್ಮತ್ ಬೆಸುಗೆ ಪೆಡಸು, ಆದ್ದರಿಂದ ಎಳೆತ ಬೀಳುವ ಜಾಗಕ್ಕೆ ಅದು ಬೇಡ.

ಇದಕ್ಕೆ ಹೋಲಿಸಿದರೆ ದ್ರವ ರಾಳವನ್ನು ಪದರ ಪದರವಾಗಿ ಗಟ್ಟಿಗೊಳಿಸುವ ಮುದ್ರಣದಲ್ಲಿ ಕಂಬಗಳ ಅಂತರ, ಎತ್ತರ ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಬರುತ್ತವೆ ಎಂಬುದು ನಿಜ. ಪದರವೊಂದು ಸಾಮಾನ್ಯವಾಗಿ 0.05 ಮಿ.ಮೀ. ಇರುವುದರಿಂದ ನಯಕ್ಕೂ ಕೊರತೆಯಿಲ್ಲ. ಆದರೆ ಉದ್ದವಾಗಿ, ತೆಳುವಾಗಿ ಇರುವ ರಾಳದ ಕಡ್ಡಿ ದಿನಗಳೆದಂತೆ ಬಾಗುತ್ತದೆ, ಬಡಿದರೆ ಪಟ್ಟನೆ ಮುರಿಯುತ್ತದೆ. ಮುದ್ರಿಸಿ ಕೊಡುವವರೊಬ್ಬರಿಂದ ತರಿಸಿದ ಕಟಕಟೆ ಪೂರ್ತಿ ಗಟ್ಟಿಯಾಗದೆ ಬಂದಿತ್ತು; ಬಣ್ಣದ ಕೆಳಗೆ ಅಂಟಂಟಾಗಿಯೇ ಉಳಿದು, ಒಂದು ತಿಂಗಳಲ್ಲಿ ಸೊಂಟ ಬಿಟ್ಟಿತು. ಕಟಕಟೆಗೆ ಮುದ್ರಣವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಲಂಗರು, ಕೊಕ್ಕೆ, ಹಗ್ಗ ಸುತ್ತುವ ಕ್ಲೀಟು, ಮಾಸ್ಟಿನ (ಕೂವೆಕಂಬದ) ಬಳೆಗಳು ಇವೂ ಎಳೆತಕ್ಕೆ ಸಿಕ್ಕುವ ಭಾಗಗಳಾದ್ದರಿಂದ ಹಿತ್ತಾಳೆಗೇ ಸೇರಬೇಕು. ಬಾಗಿಸುವಾಗ ತಂತಿ ಬಿರುಕುಬಿಟ್ಟರೆ ಅದನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ಆರಿಸಿದರೆ ಮೆತ್ತಗಾಗುತ್ತದೆ. ತೆಳು ತಗಡನ್ನು ಕತ್ತರಿಸಲು ಝವೇರಿ ಬಜಾರಿನ ಸುತ್ತ ಸಿಗುವ ಅಕ್ಕಸಾಲಿಗರ ಎಳೆಗರಗಸಕ್ಕೆ ಸಮನಾದದ್ದು ಬೇರೆಯಿಲ್ಲ. ಮನೆಯಲ್ಲೇ ಫೆರಿಕ್ ಕ್ಲೋರೈಡಿನಲ್ಲಿ ಹಿತ್ತಾಳೆಯನ್ನು ಕೊರೆದು ಭಾಗ ತೆಗೆಯುವ ವಿಧಾನವೂ ಇದೆ. ಆ ದ್ರಾವಣ ಸ್ಟೀಲಿನ ಸಿಂಕನ್ನು ತಿನ್ನುತ್ತದೆ, ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ. ಬಾಡಿಗೆ ಮನೆಯಲ್ಲಿರುವವರು ಅದರ ತಂಟೆಗೆ ಹೋಗದಿರುವುದು ಲೇಸು.

ಪೆಟ್ಟಿಗೆಯಾಕಾರದ ಭಾಗಗಳು

ಡೆಕ್ಕಿನ ಮುಚ್ಚಳ, ಬಾಗಿಲು, ಪೆಟ್ಟಿಗೆ, ಕ್ಯಾಬಿನ್ನಿನ ಕಿಟಕಿಯ ಚೌಕಟ್ಟು, ವಿಂಚಿನ ಅಡಿಪಟ್ಟಿ ಇವೆಲ್ಲ ಚಪ್ಪಟೆ ಮೈ, ನೇರ ಅಂಚಿನ ಭಾಗಗಳು. ಇವುಗಳಿಗೆ ಪಾಲಿಸ್ಟೈರೀನ್ ಹಾಳೆಯೇ ಸುಲಭ. ಹಾಳೆಯನ್ನು ಪೂರ್ತಿ ಕತ್ತರಿಸುವ ಅಗತ್ಯವಿಲ್ಲ: ಬ್ಲೇಡಿನಿಂದ ಎರಡು ಸಲ ಗೀರಿ ಬಾಗಿಸಿದರೆ ಗೀರಿನಗುಂಟ ಸೀಳುತ್ತದೆ. ಇದಕ್ಕೆಂದೇ ಇರುವ ನೀರಿನಂಥ ಅಂಟು ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುವುದರಿಂದ ಸಂದಿಗೆ ಬ್ರಷ್ಷಿನ ತುದಿ ಮುಟ್ಟಿಸಿದರೆ ಅಂಟು ತಾನೇ ಒಳಗೆ ಹರಿದುಹೋಗುತ್ತದೆ. ಹೊರದೇಶದಿಂದ ಬರುವ ಸಿದ್ಧ ಪಟ್ಟಿಗಳು ದುಬಾರಿ. ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳಲ್ಲಿ ತ್ರಿಕೋನದೊಳಗೆ 6 ಎಂಬ ಅಂಕಿ ಇರುವವು ಪಾಲಿಸ್ಟೈರೀನ್. ಅವುಗಳ ಚಪ್ಪಟೆ ಭಾಗಗಳು ಇದೇ ಕೆಲಸಕ್ಕೆ ಬರುತ್ತವೆ. ಅಂಕಿ ಅಳಿಸಿದ್ದರೆ ಒಂದು ಚೂರನ್ನು ನೀರಿನಲ್ಲಿ ಹಾಕಿ ಮುಳುಗಿಸಿ ನೋಡಬಹುದು. ಪಾಲಿಪ್ರೊಪಿಲೀನ್, ಪಾಲಿಥೀನ್ ಇವು ತೇಲುತ್ತವೆ ಮತ್ತು ಇವಕ್ಕೆ ನಮ್ಮ ಯಾವ ಅಂಟೂ ಹಿಡಿಯುವುದಿಲ್ಲ, ಪಾಲಿಸ್ಟೈರೀನ್ ಮುಳುಗುತ್ತದೆ. ನೊರೆ ತುಂಬಿದ ಸನ್‌ಬೋರ್ಡ್ ಕ್ಯಾಬಿನ್ನಿನ ಗೋಡೆಗೆ ಸರಿಹೋದೀತು, ಸಣ್ಣ ಭಾಗಗಳಿಗೆ ಅದರ ಅಂಚು ಒಡ್ಡೊಡ್ಡು.

ಕಾಲು ಮಿಲಿಮೀಟರಿನ ತಗಡಿನಂಥ ಭಾಗಗಳಿಗೆ ಪ್ಲಾಸ್ಟಿಕ್ಕಿನ ಜೊತೆಗೆ ಪೈಪೋಟಿ ನಡೆಸುವುದು ದಪ್ಪ ಕಾಗದ. ಮದುವೆಯ ಕರೆಯೋಲೆಯ ಕಾಗದವನ್ನು ಕತ್ತರಿಸಿ, ತೆಳು ಫೆವಿಕ್ವಿಕ್ ಕುಡಿಸಿ ಆರಿಸಿದರೆ ಅದು ಉಜ್ಜಿ ನಯಗೊಳಿಸಬಹುದಾದಷ್ಟು ಗಟ್ಟಿಯಾಗುತ್ತದೆ. ಬಾಗಿಲ ಕೀಲುಗಳನ್ನೆಲ್ಲ ನಾನು ಹೀಗೆಯೇ ಮಾಡಿದ್ದೇನೆ. ತಂಪು ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಇನ್ನೂ ತೆಳು, ಸುಮಾರು 0.1 ಮಿ.ಮೀ.; ಹಿಂದಿನಿಂದ ಸೂಜಿಯ ಮೊಂಡು ತುದಿಯನ್ನು ಒತ್ತಿದರೆ ಮುಂದೆ ರಿವೆಟ್ಟಿನ ತಲೆ ಮೂಡುತ್ತದೆ. ಅದಕ್ಕೆ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ ಎಂಬುದೊಂದೇ ಅದರ ಕೊರತೆ.

ಫೆವಿಕ್ವಿಕ್ಕಿನ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಅದು ಆರುವಾಗ ಏಳುವ ಆವಿ ಸುತ್ತಲಿನ ನಯವಾದ ಮೈಯ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಕಿಟಕಿಗೆ ಕೂರಿಸಿದ ಪಾರದರ್ಶಕ ಹಾಳೆಯ ಹತ್ತಿರ ಅದನ್ನು ಬಳಸಿದ್ದರಿಂದ ನಮ್ಮ ತಾಂಡೇಲನಿಗೆ ಸಮುದ್ರವೇ ಕಾಣದಂತಾಯಿತು. ಇಡೀ ಕ್ಯಾಬಿನ್ನಿನ ಮುಂಭಾಗವನ್ನು ಬಿಚ್ಚಿ ಹೊಸದಾಗಿ ಮಾಡಬೇಕಾಯಿತು. ಕಿಟಕಿಗೆ ಫೆವಿಕಾಲ್ ಸಾಕು.

ಮರ

ಮರದ ದೋಣಿಗೆ ಮರದ ಭಾಗಗಳೇ ಶೋಭೆ ಎಂಬ ಮಾತು ಒಡಲಿನ ಮಟ್ಟಿಗೆ ಸರಿ. ಸಣ್ಣ ಭಾಗಗಳಿಗೆ ಬಂದಾಗ ಸಾಗುವಾನಿಯ ರಂಧ್ರಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವಾದ್ದರಿಂದ ಹಗ್ಗ ಹಾಯುವ ಎಂಟು ಮಿಲಿಮೀಟರಿನ ರಾಟೆಯೊಂದು ಹುಳು ತಿಂದಂತೆ ಕಾಣುತ್ತದೆ. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಹಾಲೆಮರ ಇದಕ್ಕೆ ಹೇಳಿ ಮಾಡಿಸಿದಂತಿದೆ: ಎಳೆ ಬಿಗಿ, ಬಣ್ಣ ದಂತದಂತೆ, ಕೊರೆದರೆ ಚಕ್ಕೆ ಏಳುವುದಿಲ್ಲ. ಊರಿಗೆ ಹೋಗಿ ಬರುವವರ ಕೈಯಲ್ಲಿ ನಾಲ್ಕು ತುಂಡು ತರಿಸಿಕೊಂಡರೆ ಹಲವು ವರ್ಷ ಸಾಲುತ್ತದೆ. ಮರದ ಮೊಳೆಗಳಿಗೆ ಬಿದಿರು ಬೇಕು, ಊದುಬತ್ತಿಯ ಕಡ್ಡಿಯೂ ಬಿದಿರೇ. ಅಕ್ಕಸಾಲಿಗರು ತಂತಿ ಎಳೆಯುವ ಕಂಬಚ್ಚಿನ ತೂತುಗಳಲ್ಲಿ ಒಂದಾದ ಮೇಲೊಂದರಂತೆ ಬಿದಿರಿನ ಸೀಳನ್ನು ಎಳೆದರೆ 0.8 ಮಿ.ಮೀ.ವರೆಗೂ ದುಂಡಗೆ ಇಳಿಸಬಹುದು. ಹಿಡಿಸೂಡಿಯ ಕಡ್ಡಿ ಬುಡದಿಂದ ತುದಿಗೆ ಸಣ್ಣಗಾಗುತ್ತ ಹೋಗುವುದರಿಂದ ಬಾವುಟದ ಕೋಲಿಗೆ ಅದನ್ನು ಮೀರಿಸುವಂಥದ್ದು ಬೇರೆಯಿಲ್ಲ. ಬಣ್ಣ ಹಚ್ಚುವ ಭಾಗಗಳಿಗೆ ಮರವನ್ನು ಬಳಸುವ ಶ್ರಮ ವ್ಯರ್ಥ.

ಒಂದೇ ರೂಪದವು ಹಲವು

ಆರಕ್ಕಿಂತ ಹೆಚ್ಚು ಬೇಕಾದ, ಆಕಾರದಲ್ಲಿ ಜಟಿಲವಾದ ಭಾಗಗಳಿಗೆ ಮಾತ್ರ ಮುದ್ರಣ ಅಥವಾ ಎರಕದ ವಿಚಾರ ಮಾಡಬೇಕು. ಮುದ್ರಣಕ್ಕೆ ಮೊದಲು ಗಣಕಯಂತ್ರದಲ್ಲಿ ಚಿತ್ರ ರಚಿಸಬೇಕು; ಎರಡು ಬೊಲಾರ್ಡುಗಳಿಗಾಗಿ (ಹಗ್ಗ ಕಟ್ಟುವ ಗಿಡ್ಡ ಕಂಬಗಳಿಗಾಗಿ) ಮೂರು ಸಂಜೆ ಚಿತ್ರ ಬರೆಯುವ ಬದಲು ಅವನ್ನು ಒಂದು ಗಂಟೆಯಲ್ಲಿ ಮರದ ಕಡ್ಡಿಯಿಂದ ಕಡೆದು ಮುಗಿಸಬಹುದು. ಇಪ್ಪತ್ತನಾಲ್ಕು ರಾಟೆಗಳು ಬೇಕೆಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಕಪಾಟಿನಲ್ಲಿಡುವ ಮಾದರಿಯ ಪ್ರೊಪೆಲ್ಲರಿಗೂ ಮುದ್ರಣ ಚೆನ್ನ, ಏಕೆಂದರೆ ಅಲಗುಗಳ ಓರೆ ಒಂದೇ ಸಮ ಬರುವುದು ಕೈಕೆಲಸದಲ್ಲಿ ಕಷ್ಟ; ನೀರಿನಲ್ಲಿ ಓಡಿಸುವ ಮಾದರಿಗಾದರೆ ಹಿತ್ತಾಳೆಯ ನಡುಗುಬ್ಬಿಯಲ್ಲಿ ಸಣ್ಣ ಸೀಳುಗಳನ್ನು ತೆಗೆದು ಅಲಗುಗಳನ್ನು ಬೆಸೆಯಬೇಕು. ಯಂತ್ರವನ್ನೇ ಕೊಳ್ಳುವ ಆಲೋಚನೆಯಿದ್ದವರು ಮನೆಯ ಗಾಳಿಯಾಟವನ್ನು ನೋಡಿಕೊಳ್ಳಲಿ. ಗಟ್ಟಿಯಾಗದ ರಾಳ ಚರ್ಮಕ್ಕೆ ತಾಗುತ್ತ ಬಂದರೆ ಅಲರ್ಜಿಯಾಗುತ್ತದೆ, ತೊಳೆಯುವ ಆಲ್ಕೊಹಾಲಿನ ವಾಸನೆ ಬೇರೆ. ಮಕ್ಕಳು ಮಲಗುವ ಕೋಣೆಯಲ್ಲಿ ಅದಕ್ಕೆ ಜಾಗವಿಲ್ಲ.

ಸಿಲಿಕೋನ್ ಅಚ್ಚಿನಲ್ಲಿ ಪಾಲಿಯುರಿಥೇನ್ ಎರಕ ಹೊಯ್ಯುವುದು ಮುದ್ರಣಕ್ಕಿಂತ ಅಗ್ಗ, ಮೂಲ ಭಾಗವನ್ನು ಕೈಯಿಂದಲೇ ಮಾಡಿದ ತೃಪ್ತಿಯೂ ಇದೆ. ಆದರೆ ಮುಂಬಯಿಯ ಮಳೆಗಾಲ ಅದರ ಶತ್ರು. ಈ ರಾಳದಲ್ಲಿರುವ ಐಸೊಸಯನೇಟ್ ನೀರಿನ ಅಂಶದೊಡನೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಎರಕದ ತುಂಬ ಗುಳ್ಳೆಗಳೇಳುತ್ತವೆ. ಜುಲೈ ತಿಂಗಳಲ್ಲಿ ನಾನು ಹೊಯ್ದ ಹನ್ನೆರಡು ರಾಟೆಗಳೂ ನೀರು ದೋಸೆಯಂತೆ ತೂತುತೂತಾಗಿ ಬಂದವು. ಅದೇ ಅಚ್ಚು, ಅದೇ ಅಂಗಡಿಯಿಂದ ತಂದ ಹೊಸ ಡಬ್ಬಿ, ಡಿಸೆಂಬರಿನಲ್ಲಿ ಹನ್ನೆರಡೂ ಗಟ್ಟಿ. ತೆರೆದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಆಸೆಯನ್ನೂ ಬಿಡಬೇಕು. ಹೀಗಾಗಿ ಅಳತೆಗೆ ಮಳೆಗಾಲ, ಎರಕಕ್ಕೆ ಚಳಿಗಾಲ ಎಂದು ನಾನು ಕಾಲವನ್ನೇ ಹಂಚಿಕೊಂಡಿದ್ದೇನೆ. ಕಾಯಲಾರದವರಿಗೆ ಎಂ-ಸೀಲ್ ಇದೆ: ಟಾಲ್ಕಂ ಪೌಡರ್ ಸವರಿದ ಅಚ್ಚಿನಲ್ಲಿ ಒತ್ತಿ ತೆಗೆದರೆ ಒರಟು ಭಾಗಗಳಿಗೆ ಸಾಕಾಗುತ್ತದೆ, ಸೂಕ್ಷ್ಮ ಗೆರೆಗಳು ಮೂಡುವುದಿಲ್ಲ.

ಮಾಡುವ ಬದಲು ಹುಡುಕುವುದು

ಕೆಲವು ಭಾಗಗಳನ್ನು ಮಾಡುವುದಕ್ಕಿಂತ ಪೇಟೆಯಲ್ಲಿ ಹುಡುಕುವುದು ಜಾಣತನ. ಅದನ್ನು ಕಳ್ಳದಾರಿ ಎನ್ನುವವರ ಜೊತೆ ನನಗೆ ವಾದವಿಲ್ಲ. ಹೊಲಿಗೆ ಯಂತ್ರದ ಲೋಹದ ಬಾಬಿನ್ ಸುಮಾರು 20 ಮಿ.ಮೀ. ವ್ಯಾಸದ್ದು, ಅಸಲಿನಲ್ಲಿ ಅದು ಅರ್ಧ ಮೀಟರಿಗೆ ಹತ್ತಿರವಾಗಿ ವಿಂಚಿನ ಉರುಳೆಗೆ ಸರಿಹೊಂದುತ್ತದೆ. ಭುಲೇಶ್ವರದ ಕೃತಕ ಆಭರಣದ ಅಂಗಡಿಗಳಲ್ಲಿ ಲಂಗರಿನ ಸರಪಳಿ, ಬಲೆಯ ತೇಲುಗುಂಡುಗಳಿಗೆ ಮಣಿ, ವಿಂಚಿಗೆ ಸುತ್ತಲು ಅರ್ಧ ಮಿಲಿಮೀಟರಿಗೂ ತೆಳುವಾದ ಹೆಣೆದ ಉಕ್ಕಿನ ತಂತಿ ಎಲ್ಲ ಸಿಗುತ್ತವೆ. ಸರಪಳಿ ಕೊಳ್ಳುವಾಗ ಕೊಂಡಿ ಉದ್ದುದ್ದವಾಗಿರಲಿ, ದುಂಡಗಿನ ಕೊಂಡಿ ದೂರದಿಂದಲೇ ಕೊರಳ ಸರದಂತೆ ಕಾಣುತ್ತದೆ. 40 ಮಿ.ಮೀ. ಕಣ್ಣಿನ ಬಲೆ ನಮ್ಮ ಪ್ರಮಾಣದಲ್ಲಿ 1.7 ಮಿ.ಮೀ. ಆಗುವುದರಿಂದ ಹಳೆಯ ಸೊಳ್ಳೆಪರದೆಯ ತುಂಡು ಬಹಳ ಹತ್ತಿರ ಬರುತ್ತದೆ.

ಟೈರು ಮತ್ತು ಜೀವರಕ್ಷಕ ಬಳೆ ನೋಡಲು ಅಣ್ಣತಮ್ಮಂದಿರಾದರೂ ಒಂದೇ ವಸ್ತುವಿನಿಂದ ಮಾಡಲಾಗದು. ಕೊಳಾಯಿಗೂ ಪಂಪಿಗೂ ಬಳಸುವ ರಬ್ಬರಿನ ಓ-ರಿಂಗ್ 25 ಮಿ.ಮೀ. ವ್ಯಾಸದ್ದಾದರೆ 60 ಸೆಂಟಿಮೀಟರಿನ ಟೈರಾಗುತ್ತದೆ, ಮೈಗೆ ಸ್ವಲ್ಪ ಮರಳು ಕಾಗದ ಉಜ್ಜಿದರೆ ಸಾಕು, ಬಣ್ಣವೇ ಬೇಡ. ಅದೇ ಉಂಗುರಕ್ಕೆ ಕಿತ್ತಳೆ ಬಣ್ಣ ಬಳಿದು ಜೀವರಕ್ಷಕ ಬಳೆ ಮಾಡಲು ಹೋದರೆ ರಬ್ಬರು ಬಾಗಿದಾಗಲೆಲ್ಲ ಬಣ್ಣ ಸಿಪ್ಪೆಯೇಳುತ್ತದೆ. ಬಳೆಯ ಹೊರ ವ್ಯಾಸ 800 ಮಿ.ಮೀ. ಮೀರಬಾರದು, ಒಳ ವ್ಯಾಸ 400ಕ್ಕಿಂತ ಕಡಿಮೆಯಿರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ನಮಗೆ ಅದು 33 ಮತ್ತು 17 ಮಿ.ಮೀ. ಪಾಲಿಸ್ಟೈರೀನಿನ ನಾಲ್ಕೈದು ಪದರಗಳನ್ನು ಅಂಟಿಸಿ, ಉಂಗುರವಾಗಿ ಕತ್ತರಿಸಿ, ಅಂಚನ್ನು ಉಜ್ಜಿ ದುಂಡಗೆ ಮಾಡುವುದೇ ಸರಿಯಾದ ದಾರಿ.

ದೀಪಗಳಿಗೆ ಲ್ಯಾಮಿಂಗ್ಟನ್ ರಸ್ತೆಯ 0603 ಎಲ್‌ಇಡಿ, 1.6 × 0.8 ಮಿ.ಮೀ. ಅಳತೆಯದು, ಎಲ್ಲಿ ಬೇಕಾದರೂ ಹಿಡಿಸುತ್ತದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಎಂಬುದು ಎಲ್ಲರಿಗೂ ಗೊತ್ತು. ಟ್ರಾಲ್ ಬಲೆ ಎಳೆಯುತ್ತಿರುವ ಬೋಟಿನ ಮಾಸ್ಟಿನಲ್ಲಿ ಮೇಲೆ ಹಸಿರು, ಕೆಳಗೆ ಬಿಳಿ ಇರಬೇಕೆಂಬುದನ್ನು ಹಲವರು ಮರೆಯುತ್ತಾರೆ. ಬೇರೆ ಬಗೆಯ ಮೀನುಗಾರಿಕೆಗಾದರೆ ಮೇಲಿನದು ಕೆಂಪು.

ತೂತು ಕೊರೆಯುವ ಬೈರಿಗೆಯ ವಿಚಾರದಲ್ಲಿ ಅಗ್ಗವಾದದ್ದೇ ಒಳ್ಳೆಯದು ಎನ್ನಬಹುದಾದ ಅಪರೂಪದ ಸಂದರ್ಭವಿದೆ. ಸರ್ಕ್ಯೂಟ್ ಬೋರ್ಡಿಗೆ ಬಳಸುವ ಕಾರ್ಬೈಡ್ ಬಿಟ್ಟುಗಳು ಹರಿತವಾದರೂ ಕೈಯ ಅಲುಗಾಟವನ್ನು ತಾಳದೆ ಮುರಿಯುತ್ತವೆ, ಮುರಿದ ತುಂಡು ಭಾಗದೊಳಗೇ ಉಳಿಯುತ್ತದೆ. ಬೆರಳಲ್ಲಿ ತಿರುಗಿಸುವ ಹಿಡಿಗೆ ಸಾಧಾರಣ ಹೈಸ್ಪೀಡ್ ಉಕ್ಕಿನ ಬಿಟ್ಟುಗಳೇ ಸರಿ.

ಹಗ್ಗಕ್ಕೆ ಹತ್ತಿಯ ದಾರ ಬೇಡ. ಅದರ ನವಿರು ನಮ್ಮ ಪ್ರಮಾಣದಲ್ಲಿ ಬೆಕ್ಕಿನ ಬಾಲವಾಗುತ್ತದೆ. ಈಗಿನ ಬೋಟುಗಳ ಹಗ್ಗಗಳು ನೀಲಿ, ಹಸಿರು, ಕಿತ್ತಳೆಯ ಪಾಲಿಪ್ರೊಪಿಲೀನಿನವು, ಆದ್ದರಿಂದ ಬಣ್ಣದ ಪಾಲಿಯೆಸ್ಟರ್ ದಾರವೇ ನಿಜಕ್ಕೆ ಹತ್ತಿರ. ಅದರ ತೊಂದರೆ ಎಂದರೆ ಸುರುಳಿ ಡೆಕ್ಕಿನ ಮೇಲೆ ಮಲಗದೆ ಸ್ಪ್ರಿಂಗಿನಂತೆ ಎದ್ದು ನಿಲ್ಲುವುದು. ಒಂದು ಭಾಗ ಫೆವಿಕಾಲಿಗೆ ಮೂರು ಭಾಗ ನೀರು ಬೆರೆಸಿ ದಾರವನ್ನು ನೆನೆಸಿ, ಪ್ಲಾಸ್ಟಿಕ್ ಚೀಲದ ಮೇಲೆ ಸುರುಳಿ ಸುತ್ತಿ, ಮೇಲೊಂದು ತುಂಡು ಚೀಲವಿಟ್ಟು, ಅದರ ಮೇಲೆ ಭಾರದ ಪುಸ್ತಕ ಹೇರಿ ಒಂದು ರಾತ್ರಿ ಬಿಟ್ಟರೆ, ಬೆಳಿಗ್ಗೆ ಸುರುಳಿ ಚಪ್ಪಟೆಯಾಗಿ ಎದ್ದುಬರುತ್ತದೆ. ಕ್ಲೀಟಿಗೆ ಸುತ್ತುವ ತುದಿಯನ್ನು ಮಾತ್ರ ನೆನೆಸದೆ ಉಳಿಸಿಕೊಳ್ಳಬೇಕು.